ನಗಬಾರದ ಚಟ್ನಿಪುಡಿ

ಗಾಂಜಾ ಗಿಡದ ಬೀಜದಿಂದ ಮಾಡಿದ ಚಟ್ನಿಪುಡಿ ಮಾರುವುದು ನನ್ನ ಕೆಲಸ. ಬೀಜದಲ್ಲಿ ನಶೆ ಇಲ್ಲ, ಮಾರಲು ಕಾನೂನಿನ ಅಡ್ಡಿಯೂ ಇಲ್ಲ. ಬೈಲಹೊಂಗಲದ ಕಿರಾಣಿ ಅಂಗಡಿಯೊಂದರಲ್ಲಿ ಇದನ್ನೇ ಹೇಳಿ ಹೇಳಿ ಗಂಟಲು ಹರಿದುಕೊಂಡೆ. ಒಬ್ಬರೂ ಪುಡಿ ಮುಟ್ಟಲಿಲ್ಲ.

ಅಂಗಡಿ ನಡೆಸುವ ಗೌರವ್ವ ಒಳಗಿನಿಂದ ಬಿಸಿ ರೊಟ್ಟಿ ತಂದು, ಮೇಲೆ ಪುಡಿ ಸುರಿದು, ಎಣ್ಣೆ ಹಾಕಿ ನನ್ನ ಕೈಗಿಟ್ಟರು.

"ಮೊದಲ ನೀವ ತಿನ್ರಿ. ತಿಂದು ಇಲ್ಲೇ ಕುಂದರ್ರಿ. ಭಂಗಿ ಏರಿದಾವ್ರು ಸುಮ್ಮಸುಮ್ಮನ ನಗತಾರ. ನೀವು ನಗಲಿಲ್ಲಂದ್ರ ಮಾಲು ಇಟ್ಕೋತೇನಿ."

ತಿಂದು ಕುಳಿತೆ. ಗಿರಾಕಿಗಳೆಲ್ಲ ಬಂದ ಕೆಲಸ ಮರೆತು ನನ್ನ ತುಟಿಯನ್ನೇ ನೋಡತೊಡಗಿದರು. ನಾನು ಹಲ್ಲು ಕಚ್ಚಿ ಹಿಡಿದೆ. ಅಷ್ಟರಲ್ಲಿ ರುಮಾಲು ಸುತ್ತಿದ ಅಜ್ಜರೊಬ್ಬರು ಹತ್ತಿರ ಬಂದು, ನನ್ನ ಕಣ್ಣೊಳಗೆ ಇಣುಕಿ, ಬಹಳ ಕಾಳಜಿಯಿಂದ, "ಇನ್ನೂ ಏರಿಲ್ಲೇನ್ರಿ?" ಎಂದರು.

ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟೆ.

"ಮುಗೀತು, ಚೀಲ ಕಟ್ರಿ," ಎಂದರು ಗೌರವ್ವ.

ನಾನು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅಜ್ಜ ಎರಡು ಪೊಟ್ಟಣ ಎತ್ತಿಕೊಂಡಿದ್ದರು. ಅವರ ಹಿಂದೆ ಉಳಿದವರೂ ಮುಗಿಬಿದ್ದರು. ನಶೆ ಇಲ್ಲರೀ, ಖರೇನ ಇಲ್ಲರೀ ಎಂದು ನಾನು ಕೂಗುತ್ತಲೇ ಇದ್ದೆ, ಅವರು ಕಣ್ಣು ಹೊಡೆದು ದುಡ್ಡು ಕೊಡುತ್ತಲೇ ಇದ್ದರು.

ಕೊನೆಯ ಪೊಟ್ಟಣವನ್ನು ಗೌರವ್ವ ಸೆರಗಿನಲ್ಲಿ ಮುಚ್ಚಿಕೊಂಡರು.

"ಇದು ನಮ್ಮ ಮನಿಯವರಿಗೆ. ಅವರು ನಕ್ಕು ಭಾಳ ವರ್ಸ ಆತ್ರೀ."