ಬಲ ಎದೆಯ ಪದಕ

ಏಪ್ರಿಲ್ 27, ಭಾನುವಾರ, ಸಂಜೆ 4 ಗಂಟೆ 10 ನಿಮಿಷ. ಅಮೆರಿಕದ ಹ್ಯಾರಿಸನ್ ಊರು. ಭಾನುವಾರ ಈ ಹೊತ್ತಿಗೆ ನಾನು ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಇರುತ್ತಿದ್ದೆ. ಇವತ್ತು ಹೋಗಲು ಧೈರ್ಯ ಬರಲಿಲ್ಲ. ಈ ಪತ್ರಿಕೆಗೆ ಬರೆಯಲು ಕೂತೆ.

ಪಕ್ಕದ ಮನೆಯವರು ಆಸ್ಟ್ರೇಲಿಯಾದವರು, ವಯಸ್ಸು ಎಪ್ಪತ್ತೆಂಟು. ಇಪ್ಪತ್ತಕ್ಕೇ ಕಡ್ಡಾಯ ಸೇವೆಗೆ ಸೇರಿಸಿಕೊಂಡು, ಕಾಲ್ದಳದ ಸಿಪಾಯಿಯಾಗಿ ವಿಯೆಟ್ನಾಮಿಗೆ ಕಳಿಸಿದ್ದರು. ಆಮೇಲೆ ಅಮೆರಿಕದ ನರ್ಸ್ ಒಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದು ಬಂದರಿನಲ್ಲಿ ಕ್ರೇನ್ ನಡೆಸಿದರು. ಹೆಂಡತಿ ಈಗಿಲ್ಲ. ಮಗಳು ಸಿಯಾಟಲ್‌ನಲ್ಲಿದ್ದಾರೆ. ನನ್ನ ಅಕ್ಕ ಮೊದಲ ದಿನವೇ ಅವರನ್ನು ಅಂಕಲ್ ಅಂದುಬಿಟ್ಟಳು. "ನನ್ನನ್ನು ಹಾಗೆ ಕರೆಯೋನು ತಮ್ಮನ ಮಗ ಒಬ್ಬನೇ, ಅದೂ ಸಾಲ ಕೇಳೋವಾಗ" ಎಂದು ಅವರು ನಕ್ಕರು. (ಅವರ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಕಳೆದ ನವೆಂಬರ್ 11, ಮಾಜಿ ಸೈನಿಕರ ದಿನದಂದು ಲಿಫ್ಟಿನಲ್ಲಿ ಅವರು ಕೋಟು ತೊಟ್ಟು ನಿಂತದ್ದನ್ನು ನೋಡಿದೆ. ಎಡ ಎದೆಯ ಮೇಲೆ ಮೂರು ಪದಕ, ಬಲ ಎದೆಯ ಮೇಲೆ ಒಂದೇ ಒಂದು. ಯಾಕೆ ಎಂದು ಕೇಳಿದೆ.

"ತಾನು ಗಳಿಸಿದ್ದು ಎಡಕ್ಕೆ, ತೀರಿಹೋದ ಮನೆಯವರದ್ದು ಬಲಕ್ಕೆ. ಅದು ನಮ್ಮ ಕಡೆಯ ಪದ್ಧತಿ."

"ಹಾಗಾದರೆ ಇದು ನಿಮ್ಮ ಅಣ್ಣನದಾ?"

"ಅಲ್ಲ. ಇದನ್ನು ಹಾಕಿಕೊಳ್ಳೋ ಹಕ್ಕು ನನಗಿಲ್ಲ. ಆದರೆ ಪೆಟ್ಟಿಗೆಯಲ್ಲಿ ಇಟ್ಟರೆ ಮರೆತುಬಿಡ್ತೀನಿ."

ಆ ವಾರವೇ ಪೂರ್ತಿ ಹೇಳಿದರು. ರಬ್ಬರ್ ತೋಟದಲ್ಲಿ ಗುಂಡಿನ ದಾಳಿ ಶುರುವಾದಾಗ ಅವರ ತುಕಡಿಯ ಮೂವರು ಮುಂದೆ ಗಾಯಗೊಂಡು ಬಿದ್ದಿದ್ದರು. ಇವರು ತೆವಳಿಕೊಂಡು ಹೋಗಿ ಒಬ್ಬನನ್ನು ಎಳೆದು ತಂದರು, ಮತ್ತೆ ಹೋಗಿ ಇನ್ನೊಬ್ಬನನ್ನು ತಂದರು. ಮೂರನೆಯ ಸಲ ಹೊರಟಾಗ ಅಧಿಕಾರಿ ಬೆಲ್ಟ್ ಹಿಡಿದು ನಿಲ್ಲಿಸಿದರು. ಮೂರನೆಯವನು ಅಲ್ಲೇ ಸತ್ತ. ಇಬ್ಬರನ್ನು ಉಳಿಸಿದ್ದಕ್ಕೆ ಇವರಿಗೆ ಶೌರ್ಯದ ಬೆಳ್ಳಿ ಪದಕ ಬಂತು. ಊರಿಗೆ ಮರಳಿ ಸತ್ತವನ ಮನೆಗೆ ಹೋದಾಗ, ಅವನ ತಾಯಿ ಮಗನ ಸೇವಾ ಪದಕವನ್ನು ಇವರ ಕೈಗಿಟ್ಟರು: ತಂಗಿ ಇನ್ನೂ ಚಿಕ್ಕವಳು, ದೊಡ್ಡವಳಾದ ಮೇಲೆ ಇದನ್ನು ಕೊಟ್ಟು ಅಣ್ಣನ ವಿಷಯ ನೀನೇ ಹೇಳು, ನನ್ನ ಬಾಯಲ್ಲಿ ಬರೋದಿಲ್ಲ. ಇವರು ಅಮೆರಿಕಕ್ಕೆ ಬಂದ ಮೇಲೆ ಆ ಮನೆ ಮಾರಾಟವಾಯಿತು. ಬರೆದ ಕಾಗದಗಳು ಹಿಂದಿರುಗಿ ಬಂದವು.

ಜನವರಿಯಲ್ಲಿ ಡಾಕ್ಟರು ಇವರ ಮರೆವಿಗೆ ಒಂದು ಹೆಸರು ಕೊಟ್ಟರು. ಜೂನ್‌ನಲ್ಲಿ ಮಗಳು ಬಂದು ಸಿಯಾಟಲ್‌ಗೆ ಕರೆದುಕೊಂಡು ಹೋಗುತ್ತಾರೆ. "ನಾನು ಹೇಳೋ ಸ್ಥಿತಿಯಲ್ಲಿ ಇರುವಾಗಲೇ ಆ ಹುಡುಗಿಯನ್ನು ಹುಡುಕಿಕೊಡು" ಎಂದು ಕೇಳಿಕೊಂಡರು. ಅವರ ಲೆಕ್ಕದಲ್ಲಿ ಆಕೆ ಇನ್ನೂ ಹುಡುಗಿ. ನಿಜಕ್ಕೆ ಅರವತ್ತು ದಾಟಿರಬೇಕು. ಊರಿನ ಹೆಸರು ಅವರಿಗೆ ಮರೆತಿತ್ತು, ಸೇನೆಯ ದಾಖಲೆಗಳಲ್ಲೂ ಮನೆಯವರ ಸುಳಿವು ಸಿಗಲಿಲ್ಲ.

ನಾನು ಕ್ರಮ ಬಿಡದವಳು. ಪ್ರತಿ ಭಾನುವಾರ ಅವೇ ಆರು ಪ್ರಶ್ನೆ ಕೇಳಿ, ಉತ್ತರದ ಪಕ್ಕ ತಾರೀಖು ಹಾಕಿಕೊಂಡೆ. ಫೆಬ್ರವರಿಯಲ್ಲಿ ಸತ್ತವನ ತಂದೆಗೆ ಬೇಕರಿ ಇತ್ತು. ಮಾರ್ಚ್ ಕೊನೆಗೆ ಅದು ಮಾಂಸದ ಅಂಗಡಿಯಾಯಿತು. ತಂಗಿಯ ಹೆಸರು ಮೂರು ಸಲ ಬದಲಾಯಿತು. ಇನ್ನಷ್ಟು ಕಳೆದುಹೋಗುವ ಮೊದಲು ಹಿಡಿಯಬೇಕೆಂದು ಬುಧವಾರವೂ ಹೋಗತೊಡಗಿದೆ.

"ನೀನು ಮಾಡ್ತಿರೋದು ವೈವಾ ಕಣೇ" ಎಂದಳು ಅಕ್ಕ. "ಪಾಪ, ಫೇಲ್ ಆಗ್ಬಿಡ್ತೀನಿ ಅಂತ ಹೆದರ್ಕೊಂಡು ಬಾಯಿಗೆ ಬಂದಿದ್ದು ಹೇಳ್ತಿದಾರೆ."

"ಕೇಳದೆ ಬಿಟ್ರೆ ಇರೋದೂ ಹೋಗುತ್ತಲ್ಲಾ."

"ಕೇಳಿ ಕೇಳಿ ನೀನೇ ಅಳಿಸ್ತಿದೀಯೇನೋ. ನೋಡ್ಕೋ."

ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಮೊನ್ನೆ ಏಪ್ರಿಲ್ 25, ಅವರ ದೇಶದವರು ಸತ್ತ ಸೈನಿಕರನ್ನು ಬೆಳಗಿನ ಜಾವ ನೆನೆಯುವ ದಿನ. ಹಿಂದಿನ ಸಂಜೆ ಅಕ್ಕ ಅಂಕಲ್ ಅವರ ಪದಕಗಳನ್ನು ಉಜ್ಜಲು ತಂದು, ಬಟ್ಟಲಿನಲ್ಲಿ ಹುಣಸೆಹಣ್ಣು ನೆನೆಹಾಕಿದ್ದಳು. "ಎಷ್ಟು ಕಪ್ಪಾಗಿವೆ ನೋಡು. ಹಿತ್ತಾಳೆ ದೀಪದ ಕಂಬದ ಥರ ಫಳಫಳ ಮಾಡಿಕೊಡ್ತೀನಿ." ನಾನು ಓಡಿಬಂದು ಕೈ ಹಿಡಿದೆ. ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ ಮತ್ತು ಹೆಸರು ಸಣ್ಣಕ್ಷರದಲ್ಲಿ ಕೊರೆದಿರುತ್ತದೆ. ಉಜ್ಜಿದರೆ ಅದೂ ಹೋದೀತು. "ಸರಿ ಮಾರಾಯ್ತಿ, ಬೆಳಿಗ್ಗೆಗೆ ಹುಣಸೆಹಣ್ಣಿನ ಗೊಜ್ಜು ಮಾಡ್ತೀನಿ ಬಿಡು" ಎಂದಳು.

ಬೆಳಕು ಹರಿಯುವ ಮುನ್ನ ಮೂವರೂ ನದಿಯ ಬಳಿ ನಿಂತೆವು. ಅಂಕಲ್ ಚಳಿಗೆ ಹಾಕಿದ್ದ ಹೊರಕೋಟಿನ ಗುಂಡಿ ಬಿಚ್ಚಿದಾಗ ನೋಡಿದೆ: ನಾಲ್ಕು ಪದಕವೂ ಎಡಗಡೆಗೇ ಇದ್ದವು.

"ಒಂದು ಬಲಕ್ಕಲ್ಲವಾ?" ಎಂದೆ.

"ಯಾಕೆ? ಇದೂ ನನ್ನದೇ." ನೀರಿನ ಕಡೆ ತಿರುಗಿ, ಮೆಲ್ಲಗೆ ಹೇಳಿದರು: "ನಾವು ಮೂವರು ಬಿದ್ದಿದ್ದೆವು. ಅವನು ಬಂದು ಇಬ್ಬರನ್ನು ಕರೆದುಕೊಂಡು ಹೋದ. ನಾನು ಕಾಯ್ತಾ ಇದ್ದೆ. ಮತ್ತೆ ಅವನು ಬರಲೇ ಇಲ್ಲ."

ನನ್ನ ಬಾಯಲ್ಲಿ ಮುಂದಿನ ಪ್ರಶ್ನೆ ಸಿದ್ಧವಾಗಿತ್ತು. ಅಕ್ಕ ನನ್ನ ಕಡೆ ನೋಡಿದ ನೋಟಕ್ಕೆ ಅದನ್ನು ನುಂಗಿಕೊಂಡೆ. ಅವಳು ಅವರ ಎದುರು ನಿಂತು, "ಅಂಕಲ್, ಅಲ್ಲಾಡಬೇಡಿ, ಪಿನ್ ಚುಚ್ಚುತ್ತೆ" ಎಂದು ಕನ್ನಡದಲ್ಲೇ ಹೇಳುತ್ತ, ಆ ಒಂದು ಪದಕವನ್ನು ಬಿಚ್ಚಿ ಬಲಕ್ಕೆ ಸಿಕ್ಕಿಸಿದಳು. ಅವರು ಮಗುವಿನ ಹಾಗೆ ಗಲ್ಲ ಎತ್ತಿ ನಿಂತಿದ್ದರು.

ಇನ್ನು ನಾನು ಕೇಳುವುದಿಲ್ಲ. ಪ್ರಶ್ನೆ ಶುರುಮಾಡುವ ಮೊದಲು ಅವರಾಗಿ ಹೇಳಿದ್ದನ್ನಷ್ಟೇ ನಂಬುತ್ತೇನೆ: ಸಮುದ್ರದಿಂದ ದೂರದ, ಗೋಧಿ ಬೆಳೆಯುವ ಊರು, ರೈಲುಹಳಿಯ ಪಕ್ಕ ಎತ್ತರದ ಕಣಜಗಳು, ಬೇಕರಿ, ಅಣ್ಣ ಹೋದಾಗ ಒಂಬತ್ತರ ಆಸುಪಾಸಿನ ತಂಗಿ. ಮೆಲ್ಬೋರ್ನ್, ಸಿಡ್ನಿ, ಬ್ರಿಸ್ಬೇನ್ ಕಡೆ ಇರುವ ಕನ್ನಡಿಗರು ಎಷ್ಟೋ ಮಂದಿ ಇದನ್ನು ಓದುತ್ತೀರಿ. ನಿಮ್ಮ ನೆರೆಮನೆಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಇಂಥ ಅಣ್ಣನ ಮಾತು ಆಡುವ ಹೆಂಗಸು ಸಿಕ್ಕಿದ್ದರೆ, ಜೂನ್‌ಗೆ ಮೊದಲು ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆಯಿರಿ. ಅಣ್ಣನ ಹೆಸರನ್ನು ನಾನು ಬೇಕೆಂದೇ ಇಲ್ಲಿ ಹಾಕಿಲ್ಲ. ಅದನ್ನು ಆಕೆಯೇ ಹೇಳಬೇಕು. ಪದಕದ ಅಂಚಿನ ಅಕ್ಷರಗಳೊಡನೆ ಹೋಲಿಸಿ ನೋಡುವುದನ್ನು ಬಿಟ್ಟರೆ, ಬಂದವರು ಆಕೆಯೇ ಎಂದು ತಿಳಿಯಲು ನನ್ನ ಹತ್ತಿರ ಬೇರೆ ದಾರಿಯಿಲ್ಲ.