ಹಂದಿಜ್ವರದ ವರ್ಷದ ಆ ಚಾಪೆ

ಇದರ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಮುನ್ಸೂಚನೆಗಳನ್ನು ನಂಬಿದವಳಲ್ಲ ನಾನು; ಈಗಲೂ ನಂಬುತ್ತೇನೆಂದು ಹೇಳಲಾರೆ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: ‘ಬೆಳಿಗ್ಗೆ ಚಿಕ್ಕಮ್ಮ ಬಂದಳು. ಮೂರು ಗಂಟೆಗೆ ರವಿ ಬಂದ.’

ಹಂದಿಜ್ವರದ ಭಯ ಹಬ್ಬಿದ್ದ ವರ್ಷ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಅಜ್ಜಿಗೆ ನೆಗಡಿ, ಕೆಮ್ಮು. ಇಂಥ ಜ್ವರಕ್ಕೆ ಹೋಗುವುದು ಮುದುಕರೇ ಎಂದುಕೊಂಡು ನಾನೂ ಅಮ್ಮನೂ ಸರದಿಯಲ್ಲಿ ಅವಳನ್ನು ಕಾದು ಸೋತುಹೋಗಿದ್ದೆವು. ರಾಜಘಟ್ಟದ ಬಳಿ ರೇಷ್ಮೆಹುಳು ಸಾಕುವ ಚಿಕ್ಕಮ್ಮ, ಅಮ್ಮನ ತಂಗಿ, ಆ ಬೆಳಿಗ್ಗೆ ನೋಡಲು ಬಂದಳು. ಅಜ್ಜಿಯ ಹಣೆ ಮುಟ್ಟಿ, “ಇದು ವರ್ಷಾ ವರ್ಷಾ ಬರೋದೇ ಬಿಡು,” ಎಂದಳು. ಆಮೇಲೆ ಕಿಟಕಿಯ ಕೆಳಗಿದ್ದ ಖಾಲಿ ಚಾಪೆಯತ್ತ ತಿರುಗಿ, “ಇವನನ್ನ ಯಾಕವ್ವಾ ಹಿಂಗೇ ಮಲಗ್ಸಿದೀರಾ? ಉಸಿರು ಹೆಂಗೆ ಎಳೀತಾವ್ನೆ ನೋಡು. ಆಸ್ಪತ್ರೆಗೆ ಕರ್ಕೊಂಡೋಗಿ,” ಎಂದಳು.

ಚಾಪೆಯ ಮೇಲೆ ಯಾರೂ ಇರಲಿಲ್ಲ. “ಹುಳುಮನೇಲಿ ನಿದ್ದೆಗೆಟ್ಟು ನಿನ್ನ ತಲೆನೂ ಕೆಟ್ಟೈತೆ,” ಎಂದು ಅಮ್ಮ ಕಾಫಿ ಕೊಟ್ಟಳು. ಹೆಚ್ಚು ಕೇಳುವ ತ್ರಾಣ ನಮಗಿರಲಿಲ್ಲ.

ಮೂರು ಗಂಟೆಗೆ ಸೋಂಪುರದ ಕಾರ್ಖಾನೆಯಿಂದ ನನ್ನ ತಮ್ಮ ರವಿ ಬಂದ. ಇಪ್ಪತ್ತಾರರ ಗಟ್ಟಿ ಆಳು. ಮೈಕೈ ನೋವೆಂದು ನೇರ ಆ ಚಾಪೆಯ ಮೇಲೆ ಬಿದ್ದುಕೊಂಡ.

“ಏಳೋ, ಆಸ್ಪತ್ರೆಗೆ ಹೋಗಣ,” ಎಂದಳು ಚಿಕ್ಕಮ್ಮ.

“ನಾನೇನು ನಿನ್ನ ರೇಷ್ಮೆ ಹುಳಾನಾ ಚಿಕ್ಕಮ್ಮಾ, ಮುಖ ನೋಡಿ ರೋಗ ಹೇಳಕ್ಕೆ?” ಎಂದು ನಕ್ಕ. ನಗುವಿನ ಮಧ್ಯೆಯೇ ಕೆಮ್ಮು ಬಂತು. ಅವಳು ಬಿಡದೆ ಆಟೋ ತರಿಸಿದಳು.

ಸಂಜೆಗೆ ಅವನಿಗೆ ಆಕ್ಸಿಜನ್ ಹಾಕಿದರು. ಬೆಳಗಿನವರೆಗೆ ಕಾದಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರು. ವರ್ಷವರ್ಷದ ಫ್ಲೂ ವೈರಸ್ಸಿನ ಪರಿಚಯ ಮೈಗೆ ಅಷ್ಟಿಷ್ಟು ಇರುತ್ತದೆ. ಅದರಿಂದ ಹೆಚ್ಚಾಗಿ ಅಪಾಯ ಮುದುಕರಿಗೆ, ಕೂಸುಗಳಿಗೆ. ರವಿಗೆ ಬಂದಿರುವ ಈ ಹಂದಿಜ್ವರ ಹೊಸದು, ಹೆಚ್ಚಿನವರ ಮೈ ಅರಿಯದ್ದು, ಅದಕ್ಕೇ ದೇಶದೇಶ ದಾಟುತ್ತಿದೆ. ಇದನ್ನೇ ಹೋಲುವ ಯಾವುದೋ ಜ್ವರ ವಯಸ್ಸಾದವರಿಗೆ ಹಿಂದೆ ಬಂದುಹೋಗಿರಬಹುದು. ಹಾಗಾಗಿ ಈ ಸಲ ಹರೆಯದವರೇ ಬೀಳುತ್ತಿದ್ದಾರೆ ಎಂದು ವಿವರಿಸಿದರು.

ರೋಗ ನನಗೆ ಅರ್ಥವಾಯಿತು. ಆದರೆ ಚಿಕ್ಕಮ್ಮ ಚಾಪೆಯತ್ತ ತಿರುಗಿ ಆ ಮಾತಾಡಿದ್ದು ರವಿ ಬಂದ ಮೇಲಿರಬೇಕು, ನಾನೇ ಹಿಂದುಮುಂದು ಮಾಡಿಕೊಂಡಿರಬೇಕು ಎಂದು ಎಷ್ಟೋ ಸಲ ಅನುಮಾನಿಸಿದ್ದೇನೆ. ಅಮ್ಮ ಒಪ್ಪುವುದಿಲ್ಲ, ಕಾಫಿ ಕೊಟ್ಟಿದ್ದು ಬೆಳಿಗ್ಗೆಯೇ ಎನ್ನುತ್ತಾಳೆ.

ಮೊನ್ನೆ ಹುಳುಮನೆಗೆ ಹೋಗಿದ್ದೆ. ಚಿಕ್ಕಮ್ಮ ತಟ್ಟೆಯಿಂದ ರೋಗದ ಹುಳು ಆರಿಸುತ್ತಿದ್ದಳು. ನನ್ನ ಕಣ್ಣಿಗೆ ಎಲ್ಲಕ್ಕಿಂತ ಪುಷ್ಟವಾಗಿ ಕಂಡ ಒಂದನ್ನು ಎತ್ತಿ ಬೇರೆ ಹಾಕಿದಳು. ಅವಳ ಕೈ ನೋಡುತ್ತಾ ಕೇಳಿದೆ, “ಚಿಕ್ಕಮ್ಮಾ, ಅವತ್ತು ಬೆಳಿಗ್ಗೆ ಚಾಪೆ ಮೇಲೆ ಯಾರನ್ನ ಕಂಡೆ?”

ಅವಳು ತಟ್ಟೆಯಿಂದ ಇನ್ನೊಂದು ಹುಳು ಎತ್ತಿ ಬೆಳಕಿಗೆ ಹಿಡಿದಳು.