ನನ್ನ ದುಡ್ಡಲ್ಲಿ ತಂದ ಗೇಮು

ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಗೆ ಕುಚ್ಚು ಕಟ್ಟುವವಳು. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಫೋನನ್ನು ದಾರದ ಡಬ್ಬಿಗೆ ಒರಗಿಸಿಟ್ಟು, ಕುಚ್ಚು ಕಟ್ಟುತ್ತಲೇ, ಹೊಸದಾಗಿ ತಂದಿದ್ದ ಮಿಕ್ಸಿಯನ್ನು ಬಾಯಿಗೆ ಬಂದಂತೆ ಬೈದು ವಿಡಿಯೋ ಹಾಕಿದೆ. ಚಟ್ನಿಗೆ ಹಾಕಿದ ಕಡಲೆ ಕಡಲೆಯಾಗಿಯೇ ಉಳಿಯುತ್ತಿತ್ತು. ಸಿಟ್ಟು ಬಂದಿತ್ತು, ಅಷ್ಟೇ. ಆದರೆ ಜನ ನೋಡಿದರು. ನಮ್ಮವ್ವನೇ ಬೈದಂಗಾಯ್ತು ಎಂದು ಯಾರೋ ಬರೆದರು. ಆಮೇಲೆ ಕುಕ್ಕರು, ಇಸ್ತ್ರಿಪೆಟ್ಟಿಗೆ, ಸೊಳ್ಳೆ ಬ್ಯಾಟು, ಎಲ್ಲವನ್ನೂ ಹೊಗಳಿದೆ, ಎಲ್ಲವನ್ನೂ ಉಗಿದೆ. ಪ್ರತಿ ವಿಡಿಯೋದ ಮೊದಲ ಮಾತು ಒಂದೇ: "ನನ್ ದುಡ್ ಕೊಟ್ಟು ತಂದಿವ್ನಿ ಕಣ್ರವ್ವ, ಬೈಯಾಕೆ ನಂಗೆ ಅಕ್ಕು ಅದೆ."

ಆ ಮಾತು ಆಗ ನಿಜವಾಗಿತ್ತು. ಅದನ್ನು ಇಲ್ಲೇ ಬರೆದಿಟ್ಟುಬಿಡುತ್ತೇನೆ. ಮುಂದೆ ಬರುವುದರಲ್ಲಿ ನನ್ನ ಪರವಾಗಿ ಹೇಳಿಕೊಳ್ಳುವಂಥದ್ದು ಇನ್ನೇನೂ ಇಲ್ಲ.

ನಮ್ಮಪ್ಪ ದನದ ದಳ್ಳಾಳಿ. ಈಗ ಮೊಣಕಾಲು ನೋವಿನಿಂದ ಸಂತೆಗೆ ಹೋಗುವುದು ಕಮ್ಮಿ, ಮಾರುವವರು ಕೊಳ್ಳುವವರು ಮನೆಗೇ ಬರುತ್ತಾರೆ. ಚಿಕ್ಕವಳಿದ್ದಾಗ ನಾನು ಅಪ್ಪನ ಹಿಂದೆ ಸಂತೆಗೆ ಹೋಗುತ್ತಿದ್ದೆ. ಅಪ್ಪ ಹೆಗಲ ಮೇಲಿನ ಟವಲನ್ನು ಕೊಳ್ಳುವವನ ಕೈ ಮೇಲೆ ಹೊದಿಸಿ, ಅದರೊಳಗೆ ಬೆರಳು ಹಿಡಿದು ರೇಟು ಹೇಳುತ್ತಿದ್ದ. ರೇಟು ಗುಟ್ಟು. ಅಪ್ಪ ದಳ್ಳಾಳಿ ಅನ್ನುವುದು ಮಾತ್ರ ಇಡೀ ಸಂತೆಗೇ ಗೊತ್ತು. "ಈ ಹಸ ಒದಿಯಾಕಿಲ್ಲ, ಮಗಿನಂಗೆ ನಿಂತ್ಕತದೆ" ಎಂದು ಅಪ್ಪ ಹೇಳಿದರೆ ಕೊಳ್ಳುವವರು ನಕ್ಕು, ತಾವೇ ಕುಕ್ಕರಗಾಲಲ್ಲಿ ಕೂತು ಕೆಚ್ಚಲು ಮುಟ್ಟಿ, ಒಂದಿಷ್ಟು ಹಾಲು ಕರೆದು ನೋಡುತ್ತಿದ್ದರು. ದಳ್ಳಾಳಿ ಮಾತಲ್ಲವೇ, ಅರ್ಧ ಕಳೆದೇ ಕೇಳಿಸಿಕೊಳ್ಳುತ್ತಿದ್ದರು. ನನಗೆ ಅಪ್ಪನ ಕಸುಬೆಂದರೆ ನಾಚಿಕೆ. ಶಾಲೆಯ ಫಾರಂನಲ್ಲಿ ತಂದೆಯ ಉದ್ಯೋಗ ಎಂದಿದ್ದ ಕಡೆ ವ್ಯವಸಾಯ ಎಂದು ಬರೆಯುತ್ತಿದ್ದೆ.

ಹೀಗಿರುವಾಗ ಬೆಂಗಳೂರಿನಿಂದ ಜಾಹೀರಾತಿನವನೊಬ್ಬ ಫೋನ್ ಮಾಡಿದ. ಯಾವುದೋ ಕಂಪನಿಯ ವಿಡಿಯೋ ಗೇಮ್ ಕನ್ಸೋಲ್, ಟಿವಿಗೆ ಸಿಕ್ಕಿಸಿ ಆಡುವಂಥದ್ದು, ಜೊತೆಗೆ ಎರಡು ರಿಮೋಟು, ಒಳಗೆ ಎಣಿಸಲಾರದಷ್ಟು ಆಟ. ನನಗೆ ಗೇಮೂ ಗೊತ್ತಿಲ್ಲ ಗೀಮೂ ಗೊತ್ತಿಲ್ಲ ಎಂದೆ.

"ಗೇಮ್ ಆಡೋ ಹುಡುಗರ ಚಾನೆಲ್ ನಮಗೆ ಬೇಕಾದಷ್ಟಿವೆ ಮೇಡಂ" ಎಂದ ಅವನು. "ಅವರು ಹೇಳಿದ್ರೆ ಮಕ್ಕಳು ಕೇಳ್ತಾರೆ, ದುಡ್ಡು ಕೊಡೋ ಅಮ್ಮಂದಿರು ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾರೆ. ಆದ್ರೆ ನಾವು ದುಡ್ಡು ಕೊಟ್ಟಿದೀವಿ ಅಂತ ಎಲ್ಲೂ ಬರಬಾರದು. ನಿಮ್ಮ ಆ ಲೈನ್ ಇದೆಯಲ್ಲ, ನನ್ ದುಡ್ ಕೊಟ್ಟು ತಂದಿವ್ನಿ ಅಂತ, ಅದು ಇರಲೇಬೇಕು."

"ಜಾಹೀರಾತು ಅಂತ ಹಾಕ್ಬೇಕಂತಲ್ಲ ಸಾ, ರೂಲ್ಸ್ ಐತಂತೆ" ಎಂದೆ.

"ಯಾರು ಹಾಕ್ತಾರೆ ಮೇಡಂ?" ಎಂದು ನಕ್ಕ.

ಅವನಿಗೆ ಬೇಕಿದ್ದದ್ದು ಆ ಒಂದು ಮಾತು. ಅದು ನನಗೆ ಅಲ್ಲೇ ಗೊತ್ತಾಯಿತು. ಗೊತ್ತಾಗಿಯೂ ಹೂಂ ಅಂದೆ. ಮನೆಯಲ್ಲಿ ಕಷ್ಟವಿತ್ತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕಷ್ಟವೇನಿರಲಿಲ್ಲ. ಒಳ್ಳೆಯ ಫೋನ್ ಬೇಕಿತ್ತು, ಮುಖಕ್ಕೆ ಬೆಳಕು ಬೀಳುವ ದೊಡ್ಡ ದೀಪ ಬೇಕಿತ್ತು. ಆರು ತಿಂಗಳು ಕುಚ್ಚು ಕಟ್ಟಿದರೆ ಬರುವಷ್ಟನ್ನು ಅವನು ಹತ್ತು ನಿಮಿಷದ ಮಾತಿಗೆ ಕೊಡುತ್ತೇನೆಂದಿದ್ದ. ಆಸೆಪಟ್ಟೆ.

ವಿಡಿಯೋ ಚೆನ್ನಾಗಿಯೇ ಬಂತು. ಕಾರು ಓಡಿಸುವ ಆಟ ಆಡಿ ಗೋಡೆಗೆ ಗುದ್ದಿ ನಕ್ಕೆ. ಪೆಟ್ಟಿಗೆ ಎತ್ತಿ ತೋರಿಸಿ, "ತೂಕ ನೋಡ್ರವ್ವ, ಒಳ್ಳೆ ಗುಂಡ್ಕಲ್ ಇದ್ದಂಗದೆ" ಎಂದೆ. ಜನಕ್ಕೆ ನಂಬಿಕೆ ಬರಲಿ ಎಂದು, ವೈರು ಗಿಡ್ಡವಾಯಿತೆಂದು ನಾಲ್ಕು ಮಾತು ಬೈದೆ. ಆ ಬೈಗುಳವನ್ನೂ ಅವನೇ ಬರೆದು ಕಳಿಸಿದ್ದ.

ನನ್ನ ಚಿಕ್ಕವ್ವ, ಅಂದರೆ ಅವ್ವನ ತಂಗಿ, ಯಳಂದೂರಿನ ಹತ್ತಿರ ಅಗರದಲ್ಲಿದ್ದಾಳೆ. ಅವ್ವ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ ಜಡೆ ಹಾಕಿದವಳು ಅವಳೇ. ಅವಳ ಮಗಳು ನನಗಿಂತ ಎಂಟು ವರ್ಷ ಚಿಕ್ಕವಳು, ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಕೋಳಿ ಕೂಗುವ ಮುಂಚೆ ಎದ್ದು ಅಡುಗೆ ಮುಗಿಸಿ ಫ್ಯಾಕ್ಟರಿ ಬಸ್ಸು ಹತ್ತಬೇಕು. ಅಲ್ಲಿ ಉಚ್ಚೆಗೆ ಎದ್ದು ಹೋದರೂ ಸೂಪರ್‌ವೈಸರ್ ಗಡಿಯಾರ ನೋಡುತ್ತಾನಂತೆ. ಹೇಗಾದರೂ ಮಾಡಿ ಆ ಬಸ್ಸಿನಿಂದ ಇಳಿಯಬೇಕು ಎನ್ನುವುದೊಂದೇ ಅವಳ ಜಪ. ನನ್ನ ವಿಡಿಯೋ ಬಂದ ವಾರದಲ್ಲೇ ಫೋನ್ ಮಾಡಿದಳು.

"ಅಕ್ಕ, ಯಳಂದೂರಲ್ಲಿ ಬಸ್ ಸ್ಟ್ಯಾಂಡ್ ತಾವ ಒಂದ್ ಮಳಿಗೆ ನೋಡಿವ್ನಿ. ನಾಕ್ ಹಳೇ ಟಿವಿ, ನಾಕ್ ಗೇಮು ಮಡಗಿದ್ರೆ ಇಸ್ಕೂಲ್ ಬುಟ್ಮೇಲೆ ಐಕ್ಳು ಬಂದು ಗಂಟೆ ಲೆಕ್ಕದಲ್ಲಿ ಆಡ್ಕಂಡ್ ಓಯ್ತವೆ. ನೀ ತಕಂಡಿದ್ದೀಯಲ್ಲ, ಅದು ದಿನಪೂರ್ತಿ ಓಡಿದ್ರೂ ತಡೀತದಾ?"

ಆ ಪೆಟ್ಟಿಗೆ ನಮ್ಮ ಮನೆಯಲ್ಲಿ ಓಡಿದ್ದು ಒಂದು ಸಂಜೆ. ಆಮೇಲಿಂದ ಅದು ಸೀರೆ ಕವರುಗಳ ಕೆಳಗೆ ಬಿದ್ದುಕೊಂಡಿತ್ತು. ಗೊತ್ತಿಲ್ಲ ಕಣೆ ಅನ್ನಬಹುದಿತ್ತು. ಒಂದು ತಂದು ನೋಡು, ಆಮೇಲೆ ಮಿಕ್ಕಿದ್ದು ತಗೊ ಅನ್ನಬಹುದಿತ್ತು. ಆದರೆ ಒಂದು ಸುಳ್ಳು ಹೇಳಿದ ಬಾಯಿ ಅದರ ಜೊತೆಗೆ ಹೊಂದುವ ಮಾತನ್ನೇ ಹುಡುಕುತ್ತದೆ.

"ತಡೀತದೆ ಕಣೆ. ಇಲ್ದಿದ್ರೆ ನನ್ ದುಡ್ ಯಾಕೆ ಆಕ್ತಿದ್ದೆ?" ಎಂದೆ.

ವಿಡಿಯೋದಲ್ಲಿ ಹೇಳಿದ್ದಕ್ಕೆ ದುಡ್ಡು ಬಂದಿತ್ತು. ಇದನ್ನು ಪುಕ್ಕಟೆ ಹೇಳಿದೆ. ಈಗ ನೆನೆಸಿಕೊಂಡರೆ ನನಗೆ ಹೆಚ್ಚು ಹೇಸಿಗೆಯಾಗುವುದು ಇದರ ಬಗ್ಗೆಯೇ.

ಚಿಕ್ಕವ್ವ ಹಸು ಮಾರಿದಳು. ಎರಡನೇ ಸೂಲಿನ ಗಬ್ಬದ ಹಸು, ಮನೆಯ ಖರ್ಚೆಲ್ಲ ಅದರ ಹಾಲಿನಲ್ಲೇ ನಡೆಯುತ್ತಿತ್ತು. ಮಾರಿಸಿದವನು ನಮ್ಮಪ್ಪ. ನೆಂಟರ ಕೈಯಲ್ಲಿ ದಳ್ಳಾಳಿ ಕಾಸು ಮುಟ್ಟಬಾರದೆಂದು ಬಸ್ ಚಾರ್ಜನ್ನೂ ತೆಗೆದುಕೊಳ್ಳದೆ ಕುಂಟಿಕೊಂಡು ಮನೆಗೆ ಬಂದ. ಜಗಲಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ ಕೇಳಿದ. "ನಿನ್ ಮಾತ್ ಕೇಳಿ ಅದೇನೋ ಆಟದ್ದು ತಕತವರಂತೆ ಕೂಸೆ. ಚೆನ್ನಾಗದಾ ಅದು?"

"ಚೆನ್ನಾಗದೆ ಕಣಪ್ಪ" ಎಂದೆ. ಅಪ್ಪ ಸರಿ ಎಂದು ಎದ್ದು ಕೈಕಾಲು ತೊಳೆಯಲು ಹೋದ.

ಮಳಿಗೆ ತೆರೆದ ಮೊದಲ ಮೂರು ವಾರ ತಂಗಿ ದಿನಾ ಫೋಟೋ ಕಳಿಸುತ್ತಿದ್ದಳು. ಬೆಂಚಿನ ಮೇಲೆ ಯೂನಿಫಾರಂ ತೊಟ್ಟ ಐಕಳು, ಬಾಗಿಲಲ್ಲಿ ರಾಶಿ ಚಪ್ಪಲಿ. ಗಾರ್ಮೆಂಟ್ಸಿಗೆ ರಾಜೀನಾಮೆ ಬರೆದುಕೊಟ್ಟ ದಿನ ಅವಳು ಫೋನಿನಲ್ಲಿ ಹಾಡಿದ್ದು ನನಗಿನ್ನೂ ಕೇಳಿಸುತ್ತದೆ. ಆಮೇಲೆ ಒಂದು ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿಯಾಗಿ ನಿಂತಿತು. ಇನ್ನೊಂದರ ರಿಮೋಟಿನ ಗುಂಡಿ ಒತ್ತಿದರೆ ಮೇಲೆ ಬರಲಿಲ್ಲ. ಎರಡು ತಿಂಗಳೊಳಗೆ ನಾಲ್ಕರಲ್ಲಿ ಮೂರು ಸತ್ತಿದ್ದವು. ಕಂಪನಿಯ ನಂಬರಿಗೆ ಮಾಡಿದರೆ ಹಾಡು ಬರುತ್ತಿತ್ತು, ಮನುಷ್ಯರು ಬರುತ್ತಿರಲಿಲ್ಲ. ಹನೂರಿನಲ್ಲಿ ಒಬ್ಬ ಮೊಬೈಲ್ ರಿಪೇರಿಯವನು ಇಂಥದ್ದನ್ನೆಲ್ಲ ನೋಡುತ್ತಾನೆಂದು ಯಾರೋ ಹೇಳಿದರಂತೆ. ಚೀಲದಲ್ಲಿ ಹಾಕಿಕೊಂಡು ಬಸ್ಸು ಬದಲಾಯಿಸಿ ಅಲ್ಲಿಗೂ ಹೋದಳು. ಅವನು ಬಿಚ್ಚಿದ. ಒಳಗೆ ಬಿಸ್ಕತ್ತಿನಷ್ಟು ಅಗಲದ ಒಂದು ಬೋರ್ಡು, ಅದರ ಪಕ್ಕ ಗೋಂದು ಹಾಕಿ ಅಂಟಿಸಿದ ಒಂದು ಕಬ್ಬಿಣದ ತುಂಡು. ತಂಗಿ ಅದರ ಫೋಟೋ ಕಳಿಸಿ, "ತೂಕ ಬರ್ಲಿ ಅಂತ ಕಬ್ಣ ಮೆತ್ತವ್ರೆ ಅಕ್ಕ. ನಿಂದ್ರಲ್ಲೂ ಇರ್ಬೇಕು, ಬಿಚ್ಚುಸ್ ನೋಡು" ಎಂದಳು.

ನಾನು ಬಿಚ್ಚಿಸಲಿಲ್ಲ. ಬಿಚ್ಚಿಸುವುದೇನು, ಆ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಾಗಲಿಲ್ಲ. ಅಷ್ಟರಲ್ಲಿ ವಿಡಿಯೋದ ಕೆಳಗೂ ಬೈಗುಳ ಶುರುವಾಗಿತ್ತು. ಎಷ್ಟು ತಕಂಡೆ ಅಕ್ಕ ಎಂದು ಒಬ್ಬ ಕೇಳಿದ್ದ. ತಮಾಷೆಗೋ ನಿಜಕ್ಕೋ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ತಟಕ್ಕನೆ ಅದನ್ನು ಅಳಿಸಿ ಹಾಕಿದೆ. ಮಾರನೆಯ ದಿನ ಅಂಥವೇ ಹತ್ತು ಇದ್ದವು.

ನಾನು ಮನೆಯಲ್ಲಿಲ್ಲದ ಒಂದು ಬೆಳಿಗ್ಗೆ ಆ ಜಾಹೀರಾತಿನವನು ಮತ್ತೆ ಫೋನ್ ಮಾಡಿದ. ಹಳೆಯ ಫೋನನ್ನು ಅಪ್ಪನಿಗೆ ಕೊಟ್ಟಿದ್ದೆ, ಹಳೆಯ ನಂಬರೂ ಅದರಲ್ಲೇ ಇತ್ತು. ನಾನು ತರಕಾರಿ ಹಿಡಿದುಕೊಂಡು ಬಂದಾಗ ಅಪ್ಪ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಯಾರೋ ಮಾಡಿದ್ದ" ಎಂದ. "ಓದ್ಸಲದ್ದು ಚೆನ್ನಾಗೋಯ್ತಂತೆ. ಅದೇ ರೇಟ್ಗೆ ಇನ್ನೊಂದ್ ಮಾಡ್ಕೊಟ್ಟೀಯಾ ಅಂತ ಕೇಳ್ದ."

ತರಕಾರಿ ಚೀಲ ಕೆಳಗಿಟ್ಟೆ. ರೇಟು ಎನ್ನುವ ಪದವನ್ನು ಬೇರೆ ಯಾರಿಂದ ಮುಚ್ಚಿಟ್ಟರೂ ನಮ್ಮಪ್ಪನಿಂದ ಮುಚ್ಚಿಡಲಾಗುತ್ತದೆಯೇ? ಅವನು ರೇಗಲಿಲ್ಲ. ರೇಗಿದ್ದರೆ ನಾನೂ ರೇಗಿ ಏನಾದರೂ ಅಂದು ಪಾರಾಗುತ್ತಿದ್ದೆ.

"ನಾನೂ ಸುಳ್ಳೇಳಿವ್ನಿ ಕೂಸೆ" ಎಂದ. "ಒದಿಯೋ ಹಸನ ಒದಿಯಾಕಿಲ್ಲ ಅಂತ ನಲ್ವತ್ತೊರ್ಸ ಏಳಿವ್ನಿ. ಆದ್ರೆ ಎಗಲ್ ಮೇಲೆ ಟವಲ್ ಆಕಂಡೇ ಏಳಿವ್ನಿ. ಇವ ದಳ್ಳಾಳಿ ಅಂತ ನೋಡ್ದೋರ್ಗೆ ಗೊತ್ತಾಯ್ತಿತ್ತು, ಅವ್ರ್ ಹುಸಾರಲ್ಲಿ ಅವ್ರ್ ಇರೋರು. ನೀನು ಟವಲ್ ಬಚ್ಚಿಟ್ಟು ಯಾಪಾರ ಕುದುರ್ಸಿದ್ದೀಯಲ್ಲವ್ವ. ಅವ್ರೆಂಗೆ ಕೆಚ್ಚಲ್ ಮುಟ್ ನೋಡಾರು?"

ಫೋನನ್ನು ನನ್ನ ಕಡೆ ತಳ್ಳಿ ಹೇಳಿದ. "ನಿನ್ ಬಾಯಿ ನಂಬ್ಕಂಡು ಗಬ್ಬದ್ ಹಸ ಮಾರುಸ್ದೆ ನಾನು. ಅಗರಕ್ಕೋಗಿ ಏಳ್ಬುಟ್ ಬಾ. ಬೈದ್ರೆ ಬೈಸ್ಕೊ."

ಆ ಭಾನುವಾರವೇ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಚಿಕ್ಕವ್ವ, ನಾನು ಅದನ್ನು ದುಡ್ಡು ಕೊಟ್ಟು ತಂದದ್ದಲ್ಲ. ಅವರೇ ನನಗೆ ದುಡ್ಡು ಕೊಟ್ಟಿದ್ದು. ಇಷ್ಟೇ ತಾನೇ? ಎರಡು ವಾಕ್ಯ. ಕ್ಯಾಮೆರಾದ ಮುಂದೆ ಹತ್ತು ನಿಮಿಷ ತಡವರಿಸದೆ ಮಾತಾಡುವವಳು ನಾನು, ಎರಡು ವಾಕ್ಯವನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತಿದ್ದೆ. ಚಿಕ್ಕವ್ವ ಹೊಡೆದರೆ ಹೊಡೆಯಲಿ ಎಂದುಕೊಂಡು ಬಸ್ಸಿಳಿದೆ. ಹೊಡೆಯಲಿ ಎಂದು ಆಸೆಯೂ ಇತ್ತು.

ನನ್ನನ್ನು ಕಂಡ ಕೂಡಲೇ ಚಿಕ್ಕವ್ವ ಟೀ ಮಾಡಲು ಪಾಕೆಟ್ ಹಾಲು ತರಲು ಅಂಗಡಿಗೆ ಓಡಿದಳು. ಖಾಲಿ ಕೊಟ್ಟಿಗೆಯಲ್ಲಿ ಸೌದೆ ಒಟ್ಟಿದ್ದರು. ನಡುಮನೆಯ ಮೂಲೆಯಲ್ಲಿ ನಾಲ್ಕು ಟಿವಿ ಒಂದರ ಮೇಲೊಂದು ಕೂತಿದ್ದವು. ತಂಗಿ ಬಟ್ಟೆ ಒಗೆಯುತ್ತಿದ್ದಳು, ವಾರಕ್ಕೆ ಅದೊಂದೇ ದಿನ ರಜೆ. ಮತ್ತೆ ಗಾರ್ಮೆಂಟ್ಸಿಗೆ ಸೇರಿ ಹತ್ತು ದಿನವಾಗಿತ್ತಂತೆ. "ಅಳೇ ಸರ್ವೀಸೆಲ್ಲ ಓಯ್ತಕ್ಕ. ವಸಬ್ಳಂಗೆ ಸೇರುಸ್ಕಂಡವ್ರೆ" ಎಂದು ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತಳು. ತೆಳ್ಳಗಾಗಿದ್ದಳು.

ಟೀ ಕುಡಿದೆವು. ಲೋಟ ಕೆಳಗಿಟ್ಟು, ತಲೆ ತಗ್ಗಿಸಿಕೊಂಡು ಶುರು ಮಾಡಿದೆ. "ಚಿಕ್ಕವ್ವ, ಆ ಗೇಮಿನ ಇಚಾರ ಒಂದ್ ಏಳ್ಬೇಕು."

"ಅದ್ರ ಮಾತ್ ಎತ್ಬ್ಯಾಡ ಬುಡವ್ವ" ಎಂದಳು ಚಿಕ್ಕವ್ವ. "ನಮ್ದು ಎಂಗೋ ಆಯ್ತದೆ. ನಂಗೆ ನಿನ್ನ ನೆನಸ್ಕಂಡ್ರೇ ಒಟ್ಟೆ ಉರಿಯೋದು. ತಾಯಿಲ್ಲದ್ ಕೂಸು, ಕುಚ್ ಕಟ್ಟಿ ಕಟ್ಟಿ ಬೆರ್ಳು ಸವೆಸ್ಕಂಡು ಮಡಗಿದ್ ಕಾಸು. ನಿಂದೂ ಓಯ್ತಲ್ಲವ್ವ."

ನಾನು ತಲೆಯೆತ್ತಿದೆ. ತಂಗಿ ನನ್ನ ಮಂಡಿಯ ಮೇಲೆ ಕೈಯಿಟ್ಟಳು.

"ಯಾರೋ ಲೋಪರ್ ನನ್ ಮಕ್ಳು ನಿನ್ ವಿಡಿಯೋ ಕೆಳಗೆ ಕಾಸ್ ತಕಂಡವ್ಳೆ ಅಂತ ಬರ್ದಿದ್ರು ಅಕ್ಕ. ನಾ ಬುಡ್ಲಿಲ್ಲ. ನಮ್ಮಕ್ಕನೂ ನಮ್ಮಂಗೇ ಮೋಸೋಗವ್ಳೆ, ಬಾಯ್ ಮುಚ್ಕಳ್ರಿ ಅಂತ ಸರ್ಯಾಗಿ ಉಗ್ದು ಬರ್ದಿವ್ನಿ."

ಎರಡು ವಾಕ್ಯ ನಾಲಿಗೆಯ ತುದಿಯಲ್ಲೇ ಇದ್ದವು. ಚಿಕ್ಕವ್ವನ ಮುಖ ನೋಡಿದೆ, ತಂಗಿಯ ಮುಖ ನೋಡಿದೆ. ಇಬ್ಬರೂ ನನಗಾಗಿ ಮರುಗುತ್ತಿದ್ದರು. ಜಗತ್ತಿನಲ್ಲಿ ಆಗ ನನ್ನನ್ನು ನಂಬಿ ಉಳಿದಿದ್ದವರು ಅವರಿಬ್ಬರೇ.

"ಎಷ್ಟೋಯ್ತವ್ವ ನಿಂದು?" ಎಂದು ಚಿಕ್ಕವ್ವ ಕೇಳಿದಳು.

ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದ ಬೆಲೆ ನನಗೆ ನೆನಪಿತ್ತು. ಅದನ್ನೇ ಹೇಳಿದೆ. ಹೇಳುತ್ತಲೇ ಅಳು ಬಂತು, ತಡೆಯಲಾಗಲಿಲ್ಲ. ದುಡ್ಡು ಹೋದದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಚಿಕ್ಕವ್ವ ಲೊಚಗುಟ್ಟಿ, ಹತ್ತಿರಕ್ಕೆ ಸರಿದು, ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿದಳು.